ಉಪ್ಪು ಹಾಕುವ ಹೊತ್ತು

ಉತ್ತರ ಕೆರೊಲಿನಾದ ಕೆಂಪು ಗುಡ್ಡಕ್ಕೆ ಬೆನ್ನು ಕೊಟ್ಟು
ಅರ್ಧ ಹೂತುಕೊಂಡಿದೆ ಆವಿಗೆ, ಹೆಗ್ಗಣದ ಬಿಲದ ಹಾಗೆ.
ಒಳಗೆ ನಿಲ್ಲಲಾಗದು. ಹೊಟ್ಟೆಯ ಮೇಲೆ ತೆವಳಿ
ಜಾಡಿಗಳನ್ನು ಒಂದೊಂದೇ ಕೂರಿಸಿ ಬಂದೆ.
ಮೊಣಕೈ ತರಚಿದೆ, ಕಿವಿಯಲ್ಲಿ ಮರಳು.
ಆರ್ಫಾ ಲಸ್ಕ್, ಎಪ್ಪತ್ತೊಂದು, ತುಟಿಯಲ್ಲಿ ಆರಿದ ಸಿಗರೇಟು:
"ಒಂದಕ್ಕೊಂದು ಮುಟ್ಟಿಸಿಲ್ಲ ತಾನೆ?
ಮುಟ್ಟಿದರೆ ಮದುವೆ. ಬಿಡಿಸಲು ಸುತ್ತಿಗೆಯೇ ಬೇಕು."

ಕೊನೆಯ ಸಾಲಲ್ಲಿ ಅವಳೇ ಇಟ್ಟದ್ದೊಂದು,
ಬಾಯಿಲ್ಲ, ಹಿಡಿಯಿಲ್ಲ. ನಾನು ಕೇಳಲಿಲ್ಲ.

ಹದಿನಾಲ್ಕು ಗಂಟೆಯಿಂದ ಪೈನ್ ಸೀಳು ತಿನ್ನುತ್ತಿದೆ ಬೆಂಕಿ.
ಮೊದಲು ಕುಂಕುಮ, ಆಮೇಲೆ ಕಿತ್ತಳೆ,
ಈಗ ಕಣ್ಣಿಗೆ ಚುಚ್ಚುವ ಬಿಳಿ.
ನಮ್ಮೂರ ಮಡಕೆ ಈ ಬಿಳಿಯಲ್ಲಿ
ಬೆಲ್ಲದ ಪಾಕದಂತೆ ಕುಸಿದೀತು.
ಈ ಮಣ್ಣು ಹಲ್ಲು ಕಚ್ಚುತ್ತದೆ,
ಮೈಯ ಸಣ್ಣ ಸಣ್ಣ ಬಾಯಿಗಳನ್ನೆಲ್ಲ ಮುಚ್ಚಿಕೊಂಡು
ಕಲ್ಲಾಗುತ್ತದೆ.

ಈಗ ಉಪ್ಪು.
ದನಗಳಿಗೆ ಹಾಕುವ ಒರಟು ಹರಳುಪ್ಪು,
ಕಮಾನಿನ ತೂತುಗಳಿಗೆ ಸೌಟು ಸೌಟು ಸುರಿಯುತ್ತೇವೆ.
ಚಟಪಟ. ಬಿಳಿ ಮೋಡವೊಂದು ಕೆಮ್ಮುತ್ತ ಏಳುತ್ತದೆ.
"ಗಾಳಿಗೆ ಎದುರು ನಿಲ್ಲಬೇಡ, ಶ್ವಾಸಕೋಶಕ್ಕೂ ಹೊಳಪು ಬಂದೀತು."
ನಮ್ಮಲ್ಲಿ ದೃಷ್ಟಿ ತೆಗೆದ ಉಪ್ಪನ್ನು ಒಲೆಗೆ ಹಾಕುತ್ತಾರೆ,
ಸಿಡಿದಷ್ಟೂ ಕೆಟ್ಟ ಕಣ್ಣು, ಎಂದೆ.
ನಕ್ಕಳು. "ಹಾಗಾದರೆ ಈ ಕೌಂಟಿಯಲ್ಲಿ
ನಮ್ಮಷ್ಟು ದೃಷ್ಟಿ ತೆಗೆಸಿಕೊಂಡವರು ಯಾರೂ ಇಲ್ಲ."

ಉಪ್ಪು ಉರಿಯಲ್ಲಿ ಆವಿಯಾಗಿ
ಮಣ್ಣೊಳಗಿನ ಮರಳನ್ನು ಹುಡುಕಿಕೊಂಡು ಹೋಗುತ್ತದೆ.
ಕೂಡಿದಲ್ಲಿ ಗಾಜು:
ಕಿತ್ತಳೆ ಸಿಪ್ಪೆಯಂಥ, ಬೆವರಿದಂಥ ಮೈ.
ನಿಂಬೆಯ ಹುಳಿ ನೂರು ವರ್ಷ ಕೂತರೂ
ಹಲ್ಲು ಊರಲಾರದು ಅಲ್ಲಿ.

ಮುತ್ತಜ್ಜ ಈನಸ್ ಲಸ್ಕ್ ವಿಸ್ಕಿಯ ಹೂಜಿ ಮಾಡುತ್ತಿದ್ದ.
ರಾಜ್ಯ ಹೆಂಡ ನಿಲ್ಲಿಸಿದ ವರ್ಷ
ಎಂಟುನೂರು ಹೂಜಿ ಕೊಟ್ಟಿಗೆಯಲ್ಲಿ, ಬಾಯಿ ತೆರೆದುಕೊಂಡು.
ಆಮೇಲೆ ಮಜ್ಜಿಗೆ ಕಡೆಯುವ ಕೊಡ,
ಹಂದಿಯ ಕೊಬ್ಬಿಗೆ ಡಬರಿ, ಕೋಸಿನ ಹುಳಿಗೆ ಭರಣಿ,
ಕೋಳಿಗೆ ನೀರಿಡುವ ಬಟ್ಟಲು.
ಆಮೇಲೆ ಗಾಜು ಬಂತು, ತಗಡು ಬಂತು, ಫ್ರಿಜ್ಜು ಬಂತು.
"ಸಾವು ಮಾತ್ರ ನಮ್ಮ ಕೈ ಬಿಡಲಿಲ್ಲ" ಎನ್ನುತ್ತಾಳೆ.
ಕಲ್ಲು ಕೊಳ್ಳಲಾಗದವರಿಗೆ ತಿಗರಿಯಲ್ಲೇ ಎತ್ತಿದ ಗೋರಿಕಲ್ಲು,
ಹಸಿಯಲ್ಲೇ ಮೊಳೆಯಿಂದ ಗೀರಿದ ಹೆಸರು.

ಅವ್ವ ಜಿಲ್ಫಾ ತನ್ನದನ್ನು ತಾನೇ ಮಾಡಿಟ್ಟಳು.
ಹೆಸರು, ಹುಟ್ಟಿದ ವರ್ಷ, ಒಂದು ಗೆರೆ,
ಮುಂದೆ ೧೯, ಎರಡಂಕಿಗೆ ಜಾಗ.
"ಬಣ್ಣದಲ್ಲಿ ತುಂಬಿಸಿ" ಎಂದು ಹೇಳಿಟ್ಟು
ಹಟಕ್ಕೆ ಬಿದ್ದವಳಂತೆ ಶತಮಾನ ದಾಟಿದಳು,
ಎರಡು ಸಾವಿರದ ಮೂರರ ತನಕ.
ಸುಟ್ಟ ಮಣ್ಣಿಗೆ ತಿದ್ದುಪಡಿ ಎಲ್ಲಿಯದು?
ಚರ್ಚಿನವರು ಗ್ರಾನೈಟು ಕೊಡಿಸುತ್ತೇವೆಂದರು.
ಆರ್ಫಾ ಬೇಡವೆಂದಳು. ಆ ೧೯ ಈಗಲೂ ನಿಂತಿದೆ,
ಪಕ್ಕದಲ್ಲಿ ಹೊಳೆಯುವ ಖಾಲಿ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವೆ;
ಹುಲ್ಲು ಕತ್ತರಿಸುವ ಯಂತ್ರ ಎರಡು ಸಲ ಗುದ್ದಿತಂತೆ,
ರಿಪೇರಿಗೆ ಹೋದದ್ದು ಯಂತ್ರ.

ಬೆಳಗಿನ ಜಾವ ಕಬ್ಬಿಣದ ಕೊಕ್ಕೆಯಲ್ಲಿ
ಮಣ್ಣಿನ ಉಂಗುರವೊಂದನ್ನು ಎಳೆದು ನೋಡಿದಳು.
ಹೊಳಪು ಹತ್ತಿತ್ತು. "ಮುಚ್ಚು."
ಇಟ್ಟಿಗೆ, ಕೆಸರು. ಮೂರು ದಿನ ಇಣುಕುವಂತಿಲ್ಲ.

ನಾಲ್ಕನೆಯ ದಿನ ಅದೂ ಹೊರಬಂತು, ಬಾಯಿಲ್ಲದ್ದು.
ಹೆಸರಷ್ಟೇ. ವರ್ಷದ ತಂಟೆಯೇ ಇಲ್ಲ.
ಕಮಾನಿನಿಂದ ತೊಟ್ಟಿಕ್ಕಿದ ಹಸಿರು ಗಾಜಿನ ಹನಿಯೊಂದು
ಮೊದಲಕ್ಷರದ ಸೊನ್ನೆಯೊಳಗೆ ಬಿದ್ದು ಅಲ್ಲೇ ಹೆಪ್ಪುಗಟ್ಟಿತ್ತು.
ಬೆರಳ ಗೆಣ್ಣಿನಿಂದ ತಟ್ಟಿದಳು. ಠಣ್.
"ಬಿರುಕಿಲ್ಲ" ಎಂದು
ಮುಂದಿನ ಜಾಡಿಗೆ ಕೈ ಚಾಚಿದಳು.