ಇತರೆ ವೆಚ್ಚ

ಬೆಳ್ಳಿಹಬ್ಬಕ್ಕೆ ಯಾರಾದರೂ ಮಾತಾಡಬೇಕಲ್ಲ ಅಂತ
ಮೊದಲು ಅಂದದ್ದು ಹೊಂಬಾಳಮ್ಮ,
ಕ್ಯಾನು ತೊಳೆದು ಬೋರಲು ಹಾಕುತ್ತ.
ದುದ್ದದ ಹತ್ತಿರದ ನಮ್ಮ ಹೆಂಗಸರ ಡೇರಿಗೆ ಇಪ್ಪತ್ತೈದು ವರ್ಷ.
ಶಾಮಿಯಾನ ಗೊತ್ತಾಗಿತ್ತು, ಅಡುಗೆಯವರು ಗೊತ್ತಾಗಿದ್ದರು,
ಹೋಳಿಗೆಗೆ ಬೇಳೆಯೋ ಕಾಯಿಯೋ ಎಂಬ ಜಗಳ ಕೂಡ
ಹೇಗೋ ದಡ ಸೇರಿತ್ತು.
ಮಾತು ಮಾತ್ರ ಬಾಕಿ.

ಹಾಲಿಗಾದರೆ ಮೀಟರಿದೆ. ಅದ್ದಿದರೆ ತಿಳಿಯುತ್ತೆ
ಯಾರ ಹಸು ಹಾಲಿನ ಜೊತೆ
ಬೋರ್‌ವೆಲ್ ನೀರನ್ನೂ ಕರೆಸಿಕೊಳ್ಳುತ್ತಿದೆ ಅಂತ.
ಮಾತಿಗೆ ಏನನ್ನು ಅದ್ದುವುದು?

ಜಯಶೀಲ ಫೋನಿನಲ್ಲಿ ತೋರಿಸಿದಳು:
ಮೈಸೂರಿನ ನಗೆ ಭಾಷಣಕಾರ,
ಇಪ್ಪತ್ತೆರಡು ಸಾವಿರ, ಎಸಿ ಕಾರು ಬೇರೆ.
ಹೆಂಡತಿಯ ಮೇಲೆ ಒಂಬತ್ತು ಜೋಕು.
ಒಂಬತ್ತಕ್ಕೂ ನಕ್ಕೆವು.
ನಕ್ಕಾದ ಮೇಲೆ ದೇವೀರಮ್ಮ ಕಣ್ಣೊರೆಸಿಕೊಂಡು,
‘ಇದಕ್ಕೆ ದುಡ್ಡು ಯಾಕೆ ಕೊಡಬೇಕು?
ನಮ್ಮ ಮನೇಲಿ ಬಿಟ್ಟಿಯಾಗೇ ಅಂತಾರೆ’ ಅಂದಳು.

ಹಾಸನದ ನಿವೃತ್ತ ಪ್ರಾಂಶುಪಾಲರು
ದುಡ್ಡೇ ಬೇಡ ಅಂದರು. ಅಲ್ಲೇ ಹೆದರಿದೆವು.
ದುಡ್ಡು ಬೇಡದವರನ್ನು ನಿಲ್ಲಿಸುವುದು ಹೇಗೆ?
ಹೋದ ವರ್ಷ ಪಕ್ಕದೂರಲ್ಲಿ
ಸಿಂಧೂ ಕಣಿವೆಯಿಂದ ಹೊರಟು
ಹೊಯ್ಸಳರ ಹತ್ತಿರ ಬರುವಷ್ಟರಲ್ಲಿ ಸಾರು ಹಳಸಿತ್ತಂತೆ.

ಇನ್ನೊಬ್ಬ, ಬದುಕು ಬದಲಿಸುವ ಏಳು ಸೂತ್ರದವನು,
‘ನಿಮ್ಮ ಕನಸೇನು ಮೇಡಂ?’ ಅಂತ ನನ್ನನ್ನೇ ಕೇಳಿದ.
ಎರಡು ಸಾವಿರ ಲೀಟರಿನ ಕೂಲರ್ ಅಂದೆ.
ಏಳರಲ್ಲಿ ಅದು ಇರಲಿಲ್ಲವೇನೋ,
ಆಮೇಲೆ ಮಾಡ್ತೀನಿ ಅಂದವನು ಮಾಡಲಿಲ್ಲ.

ಕಡೆಗೆ ನಂಬರು ಕೊಟ್ಟವನು ಮೈಕ್‌ಸೆಟ್ಟಿನ ಚಂದ್ರಾಚಾರಿ,
ಎಲ್ಲರ ಭಾಷಣವನ್ನೂ ಕೊನೇ ತನಕ ಕೇಳಲೇಬೇಕಾದ
ಒಬ್ಬನೇ ಒಬ್ಬ ಮನುಷ್ಯ.

ಕಡೂರಿನ ಜೈಬುನ್ನೀಸಾ.
ಮೂವತ್ತು ವರ್ಷ ಅರಸೀಕೆರೆ ಜಂಕ್ಷನ್ನಿನಲ್ಲಿ
ಬರುವ ರೈಲನ್ನೂ ಬಾರದ ರೈಲನ್ನೂ
ಒಂದೇ ದನಿಯಲ್ಲಿ ಕೂಗಿದವರು.
ಈಗ ಮಾತೇ ಕಸುಬು.
ಆರು ಸಾವಿರ, ಅರ್ಧ ಮುಂಗಡ.
ಶಾಲು ಬೇಡ, ಮನೇಲಿ ನಲವತ್ತಿವೆ.
ಹಣ್ಣಿನ ಬುಟ್ಟಿ ಬೇಡ, ಬಸ್ಸಲ್ಲಿ ಉರುಳುತ್ತೆ.
ಐದು ಅಂದೆ. ಆರು ಅಂದರು.
ಐದೂವರೆ ಅಂದೆ.
‘ಚೌಕಾಸಿಗೆ ನೀವು ಹಾಲಿನ ರೇಟು ಇಳಿಸ್ತೀರೇನಮ್ಮ?’
ಆಮೇಲೆ ಕೇಳಿದರು, ಅದುವರೆಗೆ ಯಾರೂ ಕೇಳದ್ದು:
‘ಸಂಜೆ ಹಾಲು ಅಳೆಯೋದು ಎಷ್ಟಕ್ಕೆ?’
ಆರು, ಅಂದೆ.
ದುಡ್ಡಿಗೂ ಅದೇ ಒಪ್ಪಿಗೆಯಾಗಿಹೋಯಿತು.

ಆ ದಿನ ಬಂದರು, ನಸ್ಯದ ಬಣ್ಣದ ಸೀರೆ, ಗಂಡಸರ ಕೈಗಡಿಯಾರ.
ಹಾಲಿನ ಬಗ್ಗೆ ಒಂದು ಮಾತಿಲ್ಲ,
ಸ್ತ್ರೀಶಕ್ತಿ ಅಂತ ಒಮ್ಮೆಯೂ ಅನ್ನಲಿಲ್ಲ.
ಕೂಗುವ ಕೋಣೆಯ ಬಲ್ಬು, ಜಿರಲೆ,
ತಡವಾದ ರೈಲಿಗೆ ತಾನೇ ಕ್ಷಮೆ ಕೇಳಿದ್ದು, ಲೆಕ್ಕವಿಲ್ಲದಷ್ಟು ಸಲ.
‘ಒಂದು ರಾತ್ರಿ ಎರಡು ಗಂಟೆ.
ಮೂರನೇ ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬಳೇ ಕೂತಿದ್ದ ಹೆಂಗಸು
ಎದ್ದು ನನ್ನ ಕಿಟಕಿ ಹತ್ತಿರ ಬಂದು ಕೇಳಿದಳು—’

ಶಾಮಿಯಾನದ ಹಿಂದೆ ಯಾರದೋ ಕರು ಅಂಬಾ ಅಂತು.
ಗಡಿಯಾರ ನೋಡಿಕೊಂಡರು.
‘ಐದಾಗ್ತಾ ಬಂತು, ಹೋಗಿ ಹಾಲು ಕರೀರಿ’ ಅಂದು
ಮೈಕು ಚಂದ್ರಾಚಾರಿಯ ಕೈಗಿತ್ತು ಕೆಳಗಿಳಿದರು.
ನಾವು ಎದ್ದೆವು. ಏಳದೆ ಏನು ಮಾಡುವುದು,
ಕೆಚ್ಚಲು ಕಾಯುತ್ತದೆಯೆ?

ಮೂರು ತಿಂಗಳಾಯಿತು.
ಟಿಕೆಟ್ಟಿಗೆ ದುಡ್ಡು ಕೇಳಿರಬೇಕು, ಅಂತಾಳೆ ದೇವೀರಮ್ಮ.
ಎಲ್ಲಕ್ಕಿಂತ ದೂರ ಹೋಗೋ ಗಾಡಿ ಯಾವುದು ಅಂತ, ಎಂದು ಹೊಂಬಾಳಮ್ಮ,
ಹೇಳಿದ ಮೇಲೆ ತುಂಬಾ ಹೊತ್ತು ಸುಮ್ಮನಾದಳು.
ಫೋನು ಮಾಡಿ ಕೇಳೋಣ ಅಂತಾಳೆ ಜಯಶೀಲ.
ಮತ್ತೆ ಆರು ಸಾವಿರ ಅಂದರೆ?

ನಿನ್ನೆ ಆಡಿಟಿನವನು ಬಂದಿದ್ದ.
ಹಿಂಡಿಗೆ ಬಾಬ್ತಿದೆ, ಔಷಧಿಗಿದೆ, ಸುತ್ತಳಿಗೆ, ಸುಣ್ಣಕ್ಕೆ.
ಮಾತಿಗಿಲ್ಲ.
‘ಇತರೆ ವೆಚ್ಚ’ ಅಂತ ಬರೆದುಕೊಂಡು,
ಅಂಥದ್ದೇನಮ್ಮ ಮಾತಾಡಿದರು, ಅಂದ.

ಹೇಳಿದೆ. ಬಲ್ಬು, ಜಿರಲೆ, ಎರಡು ಗಂಟೆ,
ಕಿಟಕಿಯ ತನಕ.

‘ಆಮೇಲೆ?’ ಅಂದ,
ಪೆನ್ನಿನ ಮುಚ್ಚಳ ಇನ್ನೂ ಅವನ ಬಾಯಲ್ಲೇ ಇತ್ತು.