ಖೋಡದ್ ಗೇಟಿನಲ್ಲಿ

ನಾವು ಹನ್ನೊಂದು ಜನ, ಖಡಕಿಯ ಹ್ಯಾಮ್ ರೇಡಿಯೊ ಕ್ಲಬ್ಬಿನವರು.
ಮಾತೇ ನಮ್ಮ ಚಟ.
ಮುಖ ಕಾಣದವರ ಜೊತೆ,
ಮಾರಿಷಸ್ಸಿನ ಒಬ್ಬ ಬೇಕರಿಯವನ ಜೊತೆ,
ಬಾಕುವಿನ ಒಬ್ಬಳು ಹಲ್ಲಿನ ಡಾಕ್ಟರ ಜೊತೆ,
ಸರಿರಾತ್ರಿ ಎದ್ದು ಕೂತು
ಇಲ್ಲಿ ಸೆಕೆ, ಅಲ್ಲಿ ಹೇಗೆ ಎಂದು ವಿಚಾರಿಸುವವರು.

ಇಂಥ ವಾಚಾಳಿಗಳನ್ನು ತುಂಬಿಕೊಂಡ ಟೆಂಪೊ
ನಾರಾಯಣಗಾಂವ್ ದಾಟಿ ಹೊರಳಿದಾಗ
ಟೊಮೆಟೊ ಹೊಲಗಳಾಚೆ ಮೊದಲ ಬಟ್ಟಲು ಕಂಡಿತು.
ಮಗುಚಿದ ಕೊಡೆ, ಅಂದಳು ಲಿನೆಟ್.
ನನಗೆ ಜರಡಿ ಕಂಡಿತು.
ಗಾಳಿಯನ್ನು ಆಚೆ ಬಿಟ್ಟು
ಕಣ್ಣಿಗೆ ಕಾಣದ್ದನ್ನು ಮಾತ್ರ ಉಳಿಸಿಕೊಳ್ಳುವ
ನಲವತ್ತೈದು ಮೀಟರಿನ ತಂತಿಯ ಜರಡಿ.
ಅಂಥವು ಮೂವತ್ತು, ಹೊಲಗಳ ನಡುವೆ,
ಎಲ್ಲವೂ ಒಂದೇ ಕಡೆಗೆ ಕತ್ತೆತ್ತಿ
ನಮ್ಮನ್ನು ಕ್ಯಾರೇ ಅನ್ನದೆ.

ಗೇಟಿನಲ್ಲಿ ಕಾವಲಿನವನು ಪ್ಲಾಸ್ಟಿಕ್ ಬುಟ್ಟಿ ಚಾಚಿದ:
‘ಸಗಳಂ ಬಂದ್ ಕರಾ.’
ಮೊಬೈಲು ಬಿತ್ತು, ಕೈಗಡಿಯಾರ ಬಿತ್ತು,
ನಮ್ಮ ವಾಕಿಟಾಕಿಗಳು ಬಿದ್ದವು, ತಪ್ಪೊಪ್ಪಿಕೊಂಡವರ ಹಾಗೆ.
ಗಾಯಧನಿಯವರ ಹುಡುಗ ಎರಡನೇ ಫೋನನ್ನು
ಕಾಲುಚೀಲದಿಂದ ತೆಗೆದ.
ಕೊನೆಗೆ ಕೈಖುಶ್ರೂ ದಸ್ತೂರ್, ಎಂಬತ್ತೊಂದರ ಹಿರಿಯ,
ಎರಡೂ ಕಿವಿಯ ಯಂತ್ರ ಕಿತ್ತು
ಕಡಲೆಬೀಜದಂತೆ ಬುಟ್ಟಿಗೆ ಹಾಕಿದರು.

‘ಆಜೋಬಾ, ಅದು ಇರಲಿ, ಅದು ಬೇಡ,’
ಕಾವಲಿನವನು ಗಾಬರಿಯಾದ.
ಅವರಿಗೆ ಅದು ಕೇಳಿಸಲೇ ಇಲ್ಲ.
ಆಗಲೇ ಒಳಗೆ ನಡೆದುಬಿಟ್ಟಿದ್ದರು,
ದೇಶದ ದೊಡ್ಡ ಕಿವಿಯ ಅಂಗಳಕ್ಕೆ
ಕಿವಿ ಕಳಚಿಟ್ಟು.

ವಿವರಿಸಲು ಬಂದ ಹುಡುಗಿಗೆ ಇಪ್ಪತ್ತೈದು ಇರಬಹುದು,
ಬಿಸಿಲಿಗೆ ಓಢಣಿ ಸುತ್ತಿಕೊಂಡು ಗಡಗಡ ಹೇಳುತ್ತಾ ಹೋದಳು.
ಬೈಕಿನ ಒಂದು ಕಿಡಿಯೂ ಇಲ್ಲಿ ಗುಡುಗಂತೆ.
ನಾನು ದಸ್ತೂರರ ಅಂಗೈ ಹಿಡಿದುಕೊಂಡೆ.
ಮೂವತ್ತು ವರ್ಷದ ಹಿಂದೆ ಅವರೇ ಕಲಿಸಿದ ಕಟ್ಟು-ಕಡ ಭಾಷೆ;
ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮುಗಿಸಿ
ಅವರ ಮನೆಯ ಮಾಳಿಗೆ ಹತ್ತುತ್ತಿದ್ದ ನನಗೆ
ಚಹಾ ಕೊಡದೆ ಮೊದಲು ಪಾಠ ಕೊಡುತ್ತಿದ್ದರು.
ಬೆರಳಿನಿಂದ ಬಡಿದೆ:
ಡಾ ಡಿ ಡಾ ಡಿ... ಜಲಜನಕ, ದೂರ, ಹಳೆಯ ಬೆಳಕು.
ಅವರು ಕಣ್ಣು ಮುಚ್ಚಿ
ತಪ್ಪಿದ ಅಕ್ಷರಕ್ಕೊಮ್ಮೆ ಹುಬ್ಬು ಗಂಟಿಕ್ಕಿದರು.

ಆಮೇಲೆ ಹುಡುಗಿ ಒಂದು ರೆಕಾರ್ಡಿಂಗ್ ಹಾಕಿದಳು.
ಸತ್ತ ನಕ್ಷತ್ರ, ಗಿರ್ರನೆ ತಿರುಗುತ್ತಾ
ಮುಕ್ಕಾಲು ಸೆಕೆಂಡಿಗೊಂದು ಟಕ್.
ಟಕ್. ಟಕ್. ಟಕ್.
ಅನುವಾದಿಸಲು ಏನೂ ಇರಲಿಲ್ಲ, ಹಾಗೇ ಬಡಿದೆ.

ದಸ್ತೂರ್ ಕಣ್ಣು ತೆರೆದು ಗಟ್ಟಿಯಾಗಿ
(ಕಿವುಡರ ಗಟ್ಟಿ, ಆವರಣವೆಲ್ಲ ತಿರುಗಿ ನೋಡಿತು)
‘ಬರೀ ಇ, ಇ, ಇ!
ಇದ್ಯಾರು, ಮೊದಲ ಪಾಠದಲ್ಲೇ ಕೂತವನು?’

ಆ ರಾತ್ರಿ ಕುಕಡಿ ನದಿಯ ದಂಡೆಯ ಟೆಂಟುಗಳಲ್ಲಿ
ರೇಡಿಯೊಗಳು ಪೆಟ್ಟಿಗೆ ಬಿಟ್ಟು ಹೊರಬರಲಿಲ್ಲ.
ಪಿಠಲೆ ಕುದಿಯಿತು. ಭಾಕರಿ ಸೀದಿತು.
ಹನ್ನೊಂದು ಮಾತುಗಾರರಿಗೆ ಮಾತು ಹತ್ತಲಿಲ್ಲ.
ಲಿನೆಟ್ ಮೊದಲ ಸಲ ಹೇಳಿದಳು,
ಅವಳ ತಮ್ಮ ವಾಸ್ಕೊದಿಂದ ಹಡಗು ಹತ್ತಿದವನು
ನಾಲ್ಕು ವರ್ಷದಿಂದ ಫೋನೇ ಮಾಡಿಲ್ಲವೆಂದು.
ಯಾರೂ ಏನೂ ಅನ್ನಲಿಲ್ಲ. ಕಪ್ಪೆಗಳು ಅಂದವು.
ದಸ್ತೂರ್ ಯಂತ್ರ ಇನ್ನೂ ಹಾಕಿಕೊಂಡಿರಲಿಲ್ಲ,
ಸ್ಟೀಲ್ ತಟ್ಟೆಯ ಅಂಚಿಗೆ ಚಮಚದಿಂದ
ಒಂದು ಟಕ್. ಬಿಟ್ಟು, ಇನ್ನೊಂದು ಟಕ್.

ಟಾರ್ಚಿನ ಬೆಳಕಲ್ಲಿ ಲಾಗ್ ಪುಸ್ತಕ ತೆರೆದೆ, ಅಭ್ಯಾಸ ಬಲ.
ಕರೆ ಸಂಕೇತ: ಗೊತ್ತಿಲ್ಲ.
ಸದ್ದಿನ ಗುಣ: ಸ್ಪಷ್ಟ.
ನಾವು ಕೊಟ್ಟ ಉತ್ತರ: ಒಂದು ಗೆರೆ ಎಳೆದೆ.
ಸಮಯದ ಕಾಲಮ್ಮಿಗೆ ಬಂದು ಪೆನ್ನು ನಿಂತಿತು:
ಅದು ಹೊರಟದ್ದೋ, ನಮಗೆ ತಲುಪಿದ್ದೋ?

ದಸ್ತೂರರ ಮೊಣಕಾಲಿನ ಮೇಲೆ ಬಡಿದು ಕೇಳಿದೆ.
‘ನಿನ್ನ ಗಡಿಯಾರದ್ದು ಬರಿ,’ ಅಂದರು,
‘ಮತ್ತೆ ಆ ಉಪ್ಪಿನಕಾಯಿ ಈ ಕಡೆ ದಾಟಿಸು.’