ಹಿಡಿ ಯಾವುದು

ಜೂನ್ ಚಳಿ. ಮಪುತ್ಸ್ವೆ ಪಟ್ಟಣದ ನಲ್ಲಿಗಳೆಲ್ಲ
ಬೆಳಿಗ್ಗೆ ಎಂಟರವರೆಗೂ ಕಲ್ಲು.
ನನ್ನ ಚೀಲದಲ್ಲಿ ಹನ್ನೆರಡು ಅರ್ಜಿ, ಹೆಬ್ಬೆಟ್ಟಿನ ಶಾಯಿಡಬ್ಬಿ,
ಬಿಳಿ ಹಲ್ಲಿನ ಸಂಸಾರವೊಂದು ನಗುವ ಬಣ್ಣದ ಕಾಗದ.

ಮಾಮೊತ್ಸೆಲಿಸಿ ಬಾಗಿಲು ತೆರೆದಳು.
ರಾತ್ರಿ ಪಾಳಿ ಮುಗಿಸಿ ಬಂದ ರೆಪ್ಪೆಯ ಮೇಲೆ
ಇನ್ನೂ ಜೀನ್ಸಿನ ನೀಲಿ ಧೂಳು.
ಅದೇ ಧೂಳು ಕೆಮ್ಮಿನಲ್ಲೂ ಇತ್ತು.
ಎರಡು ಸಲ ಕೆಮ್ಮಲಿ ಎಂದು ಕಾದೇ ನಾನು ಮಾತು ತೆಗೆದದ್ದು.
ಕಸುಬು ಕಲಿಸಿದ ಜಾಣತನ.

ತಿಂಗಳಿಗೆ ಎಪ್ಪತ್ತು ಮಲೋಟಿ, ಅಷ್ಟೇ, ಎಂದೆ.
ಆಸ್ಪತ್ರೆ, ಮದ್ದು, ಎಕ್ಸ್‌ರೇ...

ಅವಳು ಬಿಸ್ಕತ್ತಿನ ಡಬ್ಬಿ ಇಳಿಸಿದಳು.
ಒಳಗೆ ರಬ್ಬರ್ ಬ್ಯಾಂಡ್ ಬಿಗಿದ ರಸೀದಿ ಕಟ್ಟು;
ಹನ್ನೊಂದು ವರ್ಷ, ಒಂದು ತಿಂಗಳೂ ತಪ್ಪಿಲ್ಲ.
ಎಂಪಾತೆ ಶೆಲೆಂಗ್ ಅನ್ನುತ್ತಾರೆ ನಮ್ಮಲ್ಲಿ,
ಒಂದು ಶಿಲ್ಲಿಂಗಿಗೆ ನನ್ನನ್ನು ಹೂಳು, ಅಂತ.
ಶಿಲ್ಲಿಂಗು ಹೋಗಿ ಎಷ್ಟೋ ಕಾಲವಾಯಿತು,
ಹೂಳುವುದು ಉಳಿದಿದೆ.

"ನೋಡು, ಇದರೊಳಗೆ ಒಂದು ಹಸು ಇದೆ.
ಮೂರು ಮೂಟೆ ಹಿಟ್ಟು, ಡೇರೆ,
ಬೆಟ್ಟದ ಮೇಲಿನ ನಮ್ಮೂರಿಗೆ ಹೆಣ ಒಯ್ಯೋ ಗಾಡಿ.
ಪೆಟ್ಟಿಗೆ ಕಂದು, ಹಿತ್ತಾಳೆ ಹಿಡಿ.
ಅಂಗಡಿಗೆ ಹೋಗಿ ನಾನೇ ಮುಟ್ಟಿ ನೋಡಿ ಬಂದೆ.
ಸತ್ತರೆ ಊರೇ ಎಣಿಸುತ್ತೆ,
ಯಾರ ತಟ್ಟೆಗೆ ಎಷ್ಟು ಮಾಂಸ ಬಿತ್ತು ಅಂತ.
ಕೆಮ್ಮಿದರೆ ಯಾರು ಎಣಿಸ್ತಾರೆ?"

ನಗುವ ಸಂಸಾರವನ್ನು ನಾಲ್ಕಾಗಿ ಮಡಿಸಿದೆ.
ಬಾಯಿ ಮಾತ್ರ ಸುಮ್ಮನಿರಲಿಲ್ಲ. ಕಾಯಿಲೆ ಬಿದ್ದರೆ...

"ಬೀಳದಿದ್ದರೆ ದುಡ್ಡು ವಾಪಸು ಕೊಡ್ತೀಯಾ?"
ಇಲ್ಲ.
"ಕಾರ್ಖಾನೆ ಮುಚ್ಚಿತು, ಮೂರು ತಿಂಗಳು ಕಟ್ಟಲಿಲ್ಲ, ಆಗ?"
ರದ್ದು.
"ಹೋದ ಸಲ ಬಂದವನೂ ನಿನ್ನ ಹಾಗೇ ಟೈ ಕಟ್ಟಿದ್ದ.
ಗಾಳಿಗೆ ಸೂರು ಹಾರಿದ ದಿನ ಅವನ ಫೋನಿನಲ್ಲಿ ಯಾರೋ ಹೆಂಗಸು,
ಈ ಸಂಖ್ಯೆ ಬಳಕೆಯಲ್ಲಿಲ್ಲ ಅಂದಳು.
ನಮ್ಮ ಸಂಘದ ಲೆಕ್ಕ ಬರೆಯೋ ಲಿಮಾಕಾತ್ಸೊ ಎದುರು ಮನೆಯವಳು.
ಮೋಸ ಮಾಡಲಿ, ನಲ್ಲಿ ಹತ್ತಿರ ಬಕೀಟು ಇಡೋಕೆ ಬಿಡ್ತೀವಾ?"

ಟೀ ಕಾಯಿಸಿದಳು. ಹಿಡಿ ಇದ್ದ ಕಪ್ಪು ನನಗೆ,
ಅವಳಿಗೆ ಡಬ್ಬಿಯ ಮುಚ್ಚಳ.
ಸೀಮೆಎಣ್ಣೆಯ ವಾಸನೆಯಲ್ಲಿ ಇಬ್ಬರೂ ಊದಿಕೊಂಡು ಕುಡಿದೆವು.
ಇನ್ನೂ ಹನ್ನೆರಡು ಅರ್ಜಿ ಹಾಗೇ ಇದ್ದವು,
ಹೊರಗೆ ನಲ್ಲಿಯೊಂದು ಕರಗಿ ತೊಟ್ಟಿಕ್ಕತೊಡಗಿತ್ತು.

"ನಿನಗೆ ಇದೆಯಾ, ಈ ಆಸ್ಪತ್ರೆಯದು?"
ಕಪ್ಪಿನ ತಳ ನೋಡಿದೆ.
ನನ್ನ ಕಮಿಷನ್ನಿಗೆ ಅದು ಎಟುಕುವುದಿಲ್ಲ, ಎಂದೆ.
"ಮತ್ತೆ?"
ಬಿಳಿ ಪೆಟ್ಟಿಗೆ.
"ಹಿಡಿ?"
ಸ್ಟೀಲು.
"ಚೆನ್ನಾಗಿರುತ್ತೆ," ಎಂದಳು,
ಮುಖ ಆಚೆ ತಿರುಗಿಸಿ ಕೆಮ್ಮಿದಳು.